ಸಾಮಾನಿನ ಕೋಣೆ

ಆ ದಿನ ಬೆಳಗಾಗುತ್ತಲೇ ಮಂಚಮ್ಮ ತನ್ನ ಗಂಡನನ್ನು ಸಾಮಾನಿನ ಕೋಣೆಯೊಳಗೆ ಕೂರಿಸಿ ಹೊರಗಿನಿಂದ ಬೀಗ ಹಾಕಿದಳು.

ಹಾಕುವ ಮುಂಚೆ ಒಳಗೆ ಏನೇನು ಬೇಕೋ ಎಲ್ಲ ಇಟ್ಟಿದ್ದಳು. ಒರಗಲು ರಾಗಿ ಮೂಟೆ, ಕಾಲಡಿಗೆ ಹಳೆಯ ಕಂಬಳಿ, ವಾಂತಿ ಬಂದರೆ ಒಂದು ಬಕೆಟ್ಟು, ಕೆಮ್ಮು ಬಂದರೆ ಬಾಯಿಗೆ ಒತ್ತಿಕೊಳ್ಳಲು ಒಂದು ಟವೆಲ್ಲು. ಆ ಕೋಣೆಗೆ ಕಿಟಕಿಯಿಲ್ಲ. ಮನೆ ಕಟ್ಟುವಾಗ ಮರಿಯಯ್ಯನೇ ಬೇಡ ಅಂದಿದ್ದ. ಕಾಳುಕಡ್ಡಿ ಇಡುವ ಜಾಗಕ್ಕೆ ಇಲಿಗಳಿಗೆ ದಾರಿ ಯಾಕೆ ಮಾಡಿಕೊಡಬೇಕು ಅಂತ. ಮುಂದೊಂದು ದಿನ ತಾನೇ ಅಲ್ಲಿ ಕೂರಬೇಕಾಗುತ್ತದೆ ಅಂತ ಅವನಿಗೇನು ಕನಸು ಬಿದ್ದಿತ್ತೇ?

"ಎಷ್ಟೊತ್ತೆ?" ಅಂದ ಒಳಗಿನಿಂದ.

"ಅವ್ರು ನೋಡ್ಕಂಡು ಓಗೋಗಂಟ."

"ಎಣ ಮಡಗಿದಂಗೆ ಮಡಗಿದ್ದೀಯ ಕಣೆ ಮಂಚಿ. ತಲೆ ತಾವ ದೀಪ ಒಂದು ಕಮ್ಮಿ."

"ಬಾಯಿ ಮುಚ್ಕಂಡು ಕೂತ್ಕ. ಇವತ್ತು ಅಡ್ವಾನ್ಸ್ ಕೊಡ್ತಾರೆ."

ಬೀಗದ ಕೈಯನ್ನು ಸೀರೆಯ ನೆರಿಗೆಗೆ ಸಿಕ್ಕಿಸಿಕೊಂಡು ಅವಳು ಹಿತ್ತಲಿಗೆ ಹೋದಳು. ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ಕಲ್ಲಿನ ಮೇಲೆ ಹರವಿಕೊಂಡು ಕುಕ್ಕರಗಾಲಲ್ಲಿ ಕೂತಳು. ಮನೆ ನೋಡುವವರು ಬಂದಾಗ ಅವಳು ಅಲ್ಲಿ ಹಾಗೆ ಕೂತಿರಬೇಕು ಅಂತ ಮಾತಾಗಿತ್ತು. ಯಾಕೆಂದರೆ ಆ ಮನೆಗೆ ಅವಳು ಕೆಲಸದವಳು.

ಮನೆ ಅವಳದೇ. ನಂಜನಗೂಡಿನ ಹೊಸ ಬಡಾವಣೆಯಲ್ಲಿ, ರಸ್ತೆಗೆ ಮುಖ ಮಾಡಿ ನಿಂತ ಮನೆ. ಮರಿಯಯ್ಯ ಬೈಪಾಸಿನಲ್ಲಿ ಲಾರಿ ಟೈರು ರಿಪೇರಿಯ ಅಂಗಡಿ ಇಟ್ಟಿದ್ದವನು. ಲಾರಿಯ ಟೈರನ್ನು ಒಬ್ಬನೇ ಎತ್ತಿ ಉರುಳಿಸುತ್ತಿದ್ದ ಆಸಾಮಿ. ಮಂಚಮ್ಮ ಹೆರಿಗೆ ವಾರ್ಡಿನಲ್ಲಿ ಆಯಾ. ಅವನು ಸೈಜುಗಲ್ಲು ಹೊತ್ತ, ಅವಳು ಮರಳು ಜರಡಿ ಹಿಡಿದಳು, ಗೋಡೆಗೆ ಇಬ್ಬರೂ ನೀರು ಹೊಯ್ದರು. ಹಾಗೆ ಎದ್ದ ಮನೆ ಅದು. ಆಮೇಲೆ ಮರಿಯಯ್ಯನ ಕಾಲು ಊದಿಕೊಂಡಿತು, ಮುಖ ಊದಿಕೊಂಡಿತು, ಎರಡು ಕಿಡ್ನಿಯೂ ಕೈಕೊಟ್ಟಿವೆ ಅಂದರು ಡಾಕ್ಟರು. ವಾರಕ್ಕೆ ಎರಡು ಸಲ ಮೈಸೂರಿಗೆ ಹೋಗಿ ಮಷೀನಿಗೆ ಒಡ್ಡಿಕೊಂಡು ಬರಬೇಕು. ಬರುವಾಗ ಬಸ್ಸಿನ ಕಿಟಕಿಯಲ್ಲಿ ತಲೆ ಹಾಕಿ ವಾಂತಿ. ಕುಡಿಯುವ ನೀರಿಗೂ ಅಳತೆ. ಬೇರೆ ಕಿಡ್ನಿ ಹಾಕಿದರೆ ಉಳಿಯುತ್ತಾನೆ ಅಂದರು. ಮಂಚಮ್ಮನದು ಹೊಂದಿತು.

"ತಗಳಿ ಸಾ, ಎಲ್ಡವಲ್ಲ," ಅಂದಳು ಅವಳು.

ಕಿಡ್ನಿ ಸಿಕ್ಕಿತು, ಆಪರೇಷನ್ನಿಗೆ ದುಡ್ಡಿರಲಿಲ್ಲ. ಇದ್ದದ್ದು ಮನೆ ಒಂದೇ. ಮನೆ ಮಾರಿದರೆ ಗಂಡ ಉಳಿಯುತ್ತಾನೆ, ಮಾರದಿದ್ದರೆ ಇಲ್ಲ. ಅದರಲ್ಲಿ ಯೋಚನೆ ಮಾಡುವುದಕ್ಕೆ ಏನೂ ಇರಲಿಲ್ಲ.

ಮೊದಲು ನೋಡಲು ಬಂದವರು ತಿ. ನರಸೀಪುರದ ಅಕ್ಕಿ ವ್ಯಾಪಾರದವರು. ಗಂಡ ಹೆಂಡತಿ ಇಬ್ಬರೂ ಮನೆಯನ್ನು ಮೂಲೆಮೂಲೆ ನೋಡಿದರು, ಹಿತ್ತಲಿನ ನುಗ್ಗೆಮರವನ್ನು ಹೊಗಳಿದರು. ನಡುಮನೆಗೆ ಬಂದು ಗೋಡೆಯ ಮೇಲಿದ್ದ ಬಾಬಾಸಾಹೇಬರ ಪಟ ನೋಡಿದರು, ಪಕ್ಕದಲ್ಲಿದ್ದ ಬುದ್ಧನನ್ನೂ ನೋಡಿದರು. ಮಂಚಮ್ಮ ತಂದಿಟ್ಟ ಟೀ ಆರುತ್ತಾ ಕೂತಿತು. ಹೆಂಡತಿಗೆ ಗ್ಯಾಸ್ಟ್ರಿಕ್ಕಂತೆ, ಗಂಡನಿಗೆ ಶುಗರಂತೆ. ಎರಡನೆಯವರು ಕವಲಂದೆಯ ಕಡೆಯ ಒಬ್ಬ ಮೇಷ್ಟ್ರು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ, ಟೀ ಬರುವ ಮುಂಚೆಯೇ ಎದ್ದುಹೋದರು. ಮೂರನೆಯವನು ಮಾತ್ರ ನೇರ ಮನುಷ್ಯ. "ಅರ್ಧ ರೇಟಿಗೆ ಕೊಡಿ, ಕೆಡವಿ ಬೇರೆ ಕಟ್ಕೋತೀನಿ," ಅಂದ.

ಆಗ ಬ್ರೋಕರ್ ನಂಜೇಶ ಹೊಸ ಉಪಾಯ ತಂದ. ಗೇಟಿನ ಹೊರಗೆ ಗಾಡಿ ನಿಲ್ಲಿಸಿ, ಅದರ ಮೇಲೆ ಕೂತೇ ಮಾತಾಡಿದ.

"ನಂಗೇನೂ ಇಲ್ಲ ಕಣಕ್ಕ. ನಾನು ಜಾತಿಗೀತಿ ನೋಡೋನಲ್ಲ. ಆದ್ರೆ ಮಾರ್ಕೆಟ್ ನೋಡ್ತದೆ, ಏನ್ ಮಾಡೋದು? ಈಗ ನೋಡಿ, ಕಾಗದದಲ್ಲಿರೋದು ಮರಿಯಯ್ಯ ಅಂತ. ಆ ಹೆಸರು ನಮ್ಮ ಜನದಲ್ಲೂ ಅದೆ. ರಿಜಿಸ್ಟ್ರೇಷನ್ ದಿವ್ಸ ಅಣ್ಣ ಹಣೆಗೆ ಈಬೂತಿ ಬಳ್ಕೊಂಡು ಬಂದು ಸೈನ್ ಹಾಕಿದ್ರೆ ಮುಗೀತು. ಅಲ್ಲೀಗಂಟ ಮನೇಲಿ ನೀವು ಕಾಣಿಸ್ಬಾರ್ದು."

"ಕಾಣಿಸ್ದೆ ಎಲ್ಲಿಗೋಗನ?"

"ನೀವು ಕಾಣಿಸ್ಬೋದು. ಕೆಲಸದೋಳ ಥರ. ಯಜಮಾನ್ತಿ ಥರ ನಮ್ಮತ್ತೆ ಕೂತ್ಕೋತಾರೆ. ನಾನು ಮರಿಯಯ್ಯನ ಅಕ್ಕ, ತಮ್ಮ ಬೆಂಗಳೂರಲ್ಲವ್ನೆ ಅಂತ ಹೇಳೋದು. ಅಣ್ಣನ್ನ ಮಾತ್ರ ಎಲ್ಲಾದ್ರೂ ಸೇರಿಸ್ಬೇಕು. ಕಾಯಿಲೆಯೋರು ಇರೋ ಮನೇನ ಯಾರೂ ತಗೊಳ್ಳಲ್ಲ."

ನಂಜೇಶನ ಸೋದರತ್ತೆ ರುದ್ರಮ್ಮ ಎದುರು ಮನೆಯಾಕೆ. ಹನ್ನೆರಡು ವರ್ಷದಿಂದ ಎದುರುಬದುರು. ಗೇಟಿನ ಆಚೆ ನಿಂತು ಸೊಪ್ಪಿನ ಬೆಲೆ ಮಾತಾಡುತ್ತಾಳೆ, ನುಗ್ಗೆಕಾಯಿಯನ್ನು ಕಾಂಪೌಂಡಿನ ಮೇಲೆ ಇಟ್ಟರೆ ತೆಗೆದುಕೊಂಡು ಹೋಗುತ್ತಾಳೆ. ಅವಳ ಮೊಮ್ಮಗ ಆಸ್ಪತ್ರೆಯಲ್ಲಿ ಹುಟ್ಟಿದಾಗ ಅವನ ಮೈಗೆ ಬಿದ್ದ ಮೊದಲ ನೀರು ಮಂಚಮ್ಮನ ಕೈಯದು. ಅದು ಆಸ್ಪತ್ರೆ. ಮಂಚಮ್ಮನ ಹೊಸ್ತಿಲನ್ನು ಮಾತ್ರ ಅವಳು ಒಂದು ದಿನವೂ ದಾಟಿದವಳಲ್ಲ. ಈಗ ಯಜಮಾನಿಯಾಗಿ ಕೂರಲು ಒಪ್ಪಿಕೊಂಡಳು.

"ಎದುರು ಮನೆಗೆ ನಮ್ಮೋರೇ ಬಂದ್ರೆ ನಂಗೂ ನೆಮ್ದಿ ಅಲ್ವೇನೇ ಮಂಚಮ್ಮ," ಅಂದಳು. ಮುಖಕ್ಕೆ ಮುಖ ಕೊಟ್ಟು, ನಗುತ್ತಾ, ಉಪಕಾರ ಮಾಡುವವಳ ಹಾಗೆ. ಹನ್ನೆರಡು ವರ್ಷ ಅವಳ ನೆಮ್ಮದಿಗೆ ಯಾರು ಅಡ್ಡ ಕೂತಿದ್ದರು ಅಂತ ಮಂಚಮ್ಮನಿಗೆ ಆವತ್ತು ತಿಳಿಯಿತು. ತಿಳಿದೂ ತಲೆ ಆಡಿಸಿದಳು. ಗಂಡನ ಪಾದ ದಿನದಿನಕ್ಕೆ ಊದುತ್ತಿತ್ತು.

ಮನೆಯನ್ನು ಸಜ್ಜು ಮಾಡುವ ಕೆಲಸ ಶುರುವಾಯಿತು. ವಾರ್ಡಿನ ಡ್ಯೂಟಿ ಮುಗಿಸಿ ಬಂದು ಮಂಚಮ್ಮ ಒಬ್ಬಳೇ ಸುಣ್ಣ ಬಳಿದಳು. ಬೆರಳ ಸಂದಿನ ಚರ್ಮ ಸುಲಿದು ಕೆಂಪಗಾಯಿತು, ಸಾರಿಗೆ ಉಪ್ಪು ಹಾಕಲು ಹೋದರೆ ಚುರ್ ಅನ್ನುತ್ತಿತ್ತು. ಅಡುಗೆಮನೆಯ ಮಸಿಯನ್ನು ತೆಂಗಿನ ಚಿಪ್ಪಿನಲ್ಲಿ ಕೆರೆದಳು. ಕೆಂಪು ನೆಲಕ್ಕೆ ಎಣ್ಣೆ ಹಾಕಿ ಮೊಣಕಾಲೂರಿ ತಿಕ್ಕಿದಳು, ಹೊಳೆಯುವ ತನಕ. ಒಂದು ತಿಂಗಳು ಮನೆಯಲ್ಲಿ ಬಾಡು ಬೇಯಲಿಲ್ಲ, ಉಪ್ಪುಮೀನು ಸುಡಲಿಲ್ಲ. ವಾಸನೆ ಇರಬಾರದು ಅಂತ ನಂಜೇಶನ ಆರ್ಡರು. ಅವನೇ ಬಂದು ಒರಳುಕಲ್ಲಿಗೆ ಬಗ್ಗಿ ಮೂಗಿಟ್ಟು ಮೂಸಿದ. ಮೂಸಿ, "ಇನ್ನೂ ಅದೆ," ಅಂದ. ಮಂಚಮ್ಮ ಹುಣಿಸೆಹಣ್ಣು, ಬೂದಿ ಹಾಕಿ ಮತ್ತೆ ಉಜ್ಜಿದಳು. ಅವಳಿಗೆ ಯಾವ ವಾಸನೆಯೂ ಬರಲಿಲ್ಲ. ಆದರೂ ಉಜ್ಜಿದಳು.

ಬಾಬಾಸಾಹೇಬರೂ ಬುದ್ಧನೂ ಸಾಮಾನಿನ ಕೋಣೆಯ ಟ್ರಂಕಿನೊಳಗೆ ಹೋದರು. ಅದೇ ಮೊಳೆಗೆ ರುದ್ರಮ್ಮನ ಮನೆಯಿಂದ ಬಂದ ಬಸವಣ್ಣನ ಪಟ ಬಂತು. ಆ ಪುಣ್ಯಾತ್ಮನಿಗೆ ಈ ಮನೆಗೆ ಬರಲು ಏನೂ ಅಡ್ಡಿಯಿರಲಿಲ್ಲ, ಅಡ್ಡಿಯಿದ್ದದ್ದು ಅವನಿಗೆ ಕೈಮುಗಿಯುವವರಿಗೆ. ಮಗಳು ಕವನಳನ್ನು ಮಂಚಮ್ಮ ತಿ. ನರಸೀಪುರದ ತನ್ನ ತವರಿಗೆ ಕಳಿಸಿದಳು. ಸ್ಕೂಲು ತಪ್ಪಿದರೂ ಚಿಂತೆಯಿಲ್ಲ, ತಾಯಿ ತನ್ನ ಮನೆಯಲ್ಲೇ ಜೀತದವಳಾಗುವುದನ್ನು ಮಗಳು ನೋಡಬಾರದು.

ರುದ್ರಮ್ಮನಿಗೂ ಅವಳದೇ ಕಟ್ಟಳೆಗಳಿದ್ದವು. ಕುರ್ಚಿಯ ಮೇಲೆ ತನ್ನ ಮನೆಯ ಟವೆಲ್ಲು ಹಾಸಿ ಅದರ ಮೇಲೆ ಕೂರುತ್ತಿದ್ದಳು. ಅಡುಗೆಮನೆಯನ್ನು ಬಾಗಿಲಲ್ಲಿ ನಿಂತು ತೋರಿಸುತ್ತಿದ್ದಳು, ಒಳಗೆ ಕಾಲಿಡುತ್ತಿರಲಿಲ್ಲ. ನೋಡಲು ಬಂದವರಿಗೆ ಕಾಫಿ ಅವಳ ಮನೆಯಿಂದ ಫ್ಲಾಸ್ಕಿನಲ್ಲಿ, ಅವಳದೇ ಲೋಟದಲ್ಲಿ. "ಸುಳ್ಳು ಹೇಳ್ತೀನಿ, ಅದು ಸರಿ. ನಮ್ಮೋರಿಗೆ ಇಲ್ಲೀದು ಕುಡಿಸಿ ಜಾತಿ ಕೆಡ್ಸೋ ಪಾಪ ನಂಗ್ಯಾಕೆ?" ಅಂದಿದ್ದಳು ನಂಜೇಶನ ಹತ್ತಿರ. ಹಿತ್ತಲಲ್ಲಿದ್ದ ಮಂಚಮ್ಮನಿಗೆ ಕೇಳಿಸಲಿ ಅಂತಲೂ ಅಲ್ಲ, ಕೇಳಿಸಬಾರದು ಅಂತಲೂ ಅಲ್ಲ.

ಈ ಸಲ ಗಿರಾಕಿ ಗಟ್ಟಿ. ಹುಲ್ಲಹಳ್ಳಿ ಕಡೆಯ ಶಂಭುಲಿಂಗಪ್ಪ. ನಾಲೆ ಕೆಳಗೆ ಗದ್ದೆ, ಕಬ್ಬು. ಮೊಮ್ಮಕ್ಕಳ ಇಂಗ್ಲಿಷ್ ಸ್ಕೂಲಿಗೆ ಅಂತ ನಂಜನಗೂಡಿನಲ್ಲಿ ಮನೆ ಹುಡುಕುತ್ತಿದ್ದ. ಮೊದಲ ಸಲ ಬಂದಾಗ ಮಂಚಮ್ಮ ಅಂಗಳ ಗುಡಿಸುತ್ತಿದ್ದಳು. ಅವನು ಪಂಚೆ ಎತ್ತಿ ಹಿಡಿದು ದೂರದಿಂದ ಸುತ್ತಿ ಬಂದು ಮೆಟ್ಟಿಲು ಹತ್ತಿದ.

"ಕೆಲಸದೋಳು ಯಾವ ಜನ?" ಅಂದ.

"ಆಚೆ ಕೇರಿಯೋಳು. ಒಳಕ್ಕೆ ಬಿಡಲ್ಲ," ಅಂದಳು ರುದ್ರಮ್ಮ.

ಅವನು ಹೊಳೆಯುವ ನೆಲ ನೋಡಿದ, ಸುಣ್ಣದ ಗೋಡೆ ನೋಡಿದ, ಬಸವಣ್ಣನಿಗೆ ಕೈಮುಗಿದ. "ಅದಕ್ಕೇ ಮನೆ ಇಷ್ಟು ಮಡಿಯಾಗದೆ," ಅಂದ.

ಪೊರಕೆ ಹಿಡಿದ ಮಂಚಮ್ಮನಿಗೆ ನಗಬೇಕು ಅನ್ನಿಸಿತು. ನಗು ಬರಲಿಲ್ಲ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು.

ಇವತ್ತು ಅವನು ಸೊಸೆಯನ್ನು ಕರೆದುಕೊಂಡು ಬಂದ. ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದ. ಕಪಿಲೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲೇ, ಹಣೆತುಂಬ ವಿಭೂತಿ ಬಳಿದುಕೊಂಡು. ರುದ್ರಮ್ಮ ಓಡಿಬಂದು ಕುರ್ಚಿಯ ಮೇಲೆ ಟವೆಲ್ಲು ಹಾಸಿದಳು. ಹಿತ್ತಲ ಬಾಗಿಲ ಹತ್ತಿರ ಕೂತ ಮಂಚಮ್ಮನಿಗೆ ನಡುಮನೆಯ ಮಾತೆಲ್ಲ ಕೇಳಿಸುತ್ತಿತ್ತು.

"ಅಡ್ವಾನ್ಸ್ ತಂದಿವ್ನಿ ತಾಯಿ. ಅದಕ್ಕೆ ಮುಂಚೆ ಒಂದು ಕೆಲಸ ಅದೆ," ಅಂದ ಶಂಭುಲಿಂಗಪ್ಪ. "ಇವತ್ತು ಪೂಜೆ ಮಾಡ್ದೆ ಬಂದಿವ್ನಿ. ನಮ್ಮಪ್ಪನ ಕಾಲದಿಂದ ನಡ್ಕಂಡು ಬಂದದ್ದು. ಯಾವ ಮನೆ ತಗೊಂಡ್ರೂ ಮೊದ್ಲು ಆ ಮನೆ ನೀರು ಲಿಂಗಕ್ಕೆ ಬೀಳ್ಬೇಕು. ಆಮೇಲೆ ಮಾತು. ಒಂದು ಮಣೆ ಆಕಿ, ಒಂದು ಚೆಂಬು ನೀರು ಕೊಡಿ. ನಂಜೇಶ, ನೀನು ಓಗಿ ಒಂದಿಷ್ಟು ಪತ್ರೆ, ಹೂವ ತಗಬಾ."

ನಂಜೇಶ ಒಂದು ಗಳಿಗೆ ಅತ್ತೆಯ ಮುಖ ನೋಡಿದ. ಅತ್ತೆ ಹಿತ್ತಲಿಗೆ ಬಂದಳು, ಅವನೂ ಹಿಂದೆಯೇ ಬಂದ. ಇಬ್ಬರೂ ಮಂಚಮ್ಮನ ತಲೆಯ ಮೇಲೆಯೇ ಪಿಸುಪಿಸು ಮಾತಾಡಿದರು. ಅಲ್ಲಿ ಅವಳು ಕೂತಿದ್ದಾಳೆ ಅನ್ನುವುದೇ ಅವರಿಗೆ ಲೆಕ್ಕಕ್ಕಿರಲಿಲ್ಲ.

"ಅಂಡೇಲಿ ನೀರದೆ, ಒಂದು ಚೆಂಬು ಮೊಗ್ದು ಕೊಡು ಅತ್ತೆ. ಯಾರಿಗೆ ಗೊತ್ತಾಗ್ತದೆ?"

"ಅವನಿಗೆ ಗೊತ್ತಾಗಲ್ಲ. ಲಿಂಗಕ್ಕೆ ಗೊತ್ತಾಗಲ್ವೇನೋ? ಇವಳು ತುಂಬಿಟ್ಟಿರೋ ನೀರು ಕಣೋ ಅದು. ನಾನು ಎತ್ತಿ ಕೊಟ್ಟು ಆ ಕರ್ಮ ನನ್ನ ತಲೆ ಮ್ಯಾಲೆ ಬರ್ಲಿ ಅಂತಲಾ?"

"ಅಡ್ವಾನ್ಸ್ ಕೈ ತಪ್ಪೋಯ್ತದೆ ಅತ್ತೆ."

"ತಪ್ಪಲ್ಲ. ನೀನು ಪತ್ರೆ ತಗಬಾ. ನಾನು ನಮ್ಮನೆಗೋಗಿ ಕೊಳಾಯಿ ತಾವ ಚೆಂಬು ಬೆಳಗಿ ನೀರು ಇಡ್ಕಂಡು ಬತ್ತೀನಿ. ಈ ಮನೇದೇ ಅಂತ ಹೇಳಿದ್ರಾಯ್ತು."

ಅವಳು ಹೋಗುತ್ತಾ ಮಂಚಮ್ಮನ ಕಡೆ ತಿರುಗಿ, "ನೀನು ಒಳಕ್ಕೆ ಬರ್ಬೇಡ," ಅಂದಳು. ಮಣೆಯನ್ನು ಮೊದಲ ದಿನವೇ ತನ್ನ ಮನೆಯಿಂದ ತಂದಿಟ್ಟಿದ್ದಳು, ಅದನ್ನು ಬಸವಣ್ಣನ ಪಟದ ಕೆಳಗೆ ಹಾಕಿ ರಸ್ತೆ ದಾಟಿದಳು. ನಂಜೇಶನ ಗಾಡಿಯ ಸದ್ದು ತಿರುವಿನಲ್ಲಿ ಕರಗಿತು. ಶಂಭುಲಿಂಗಪ್ಪ ಮಣೆಯ ಮೇಲೆ ಪದ್ಮಾಸನ ಹಾಕಿ ಕೂತು, ಕೊರಳಿನ ಕರಡಿಗೆ ಬಿಚ್ಚಿ, ಎಡಗೈ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದ.

ಸೊಸೆ ಚೈತ್ರ ಮನೆ ಸುತ್ತತೊಡಗಿದಳು. ಇಪ್ಪತ್ತೈದರ ಹುಡುಗಿ, ಮೈಸೂರಲ್ಲಿ ಓದಿದವಳು. ಅಡುಗೆಮನೆಯ ಕಟ್ಟೆಯ ಎತ್ತರ ನೋಡಿದಳು, ಬಚ್ಚಲ ಬಾಗಿಲು ತೆಗೆದು ಹಾಕಿದಳು. ಕೊನೆಗೆ ಸಾಮಾನಿನ ಕೋಣೆಯ ಮುಂದೆ ನಿಂತು ಬೀಗ ಎಳೆದು ನೋಡಿದಳು.

"ಇವಳೇ, ಸ್ವಲ್ಪ ಬಾ ಇಲ್ಲಿ," ಅಂತ ಹಿತ್ತಲ ಕಡೆ ಕರೆದಳು.

ಮಂಚಮ್ಮ ಸೆರಗಿಗೆ ಕೈ ಒರೆಸಿಕೊಂಡು ಹಿಂಬಾಗಿಲ ಮೆಟ್ಟಿಲ ಹತ್ತಿರ ಬಂದು ನಿಂತಳು.

"ಪರವಾಗಿಲ್ಲ, ಒಳಗೆ ಬಾ. ಮಾವ ಪೂಜೇಲಿದ್ದಾರೆ, ಆ ಕಡೆಗೆ ಮಾತ್ರ ಹೋಗ್ಬೇಡ. ಇದೇನಿದು ರೂಮು?"

"ಸಾಮಾನಿನ ಕೋಣೆ ಕಣವ್ವ."

"ಬೀಗ ಯಾಕೆ?"

"ಬೀಗದ ಕೈ ಕಳ್ದೋಗ್ಯದೆ."

ಆಗ ಒಳಗೆ ಕೆಮ್ಮು ಬಂತು. ಟವೆಲ್ಲಿನೊಳಗೆ ಅದುಮಿದ ಕೆಮ್ಮು, ಗಂಟಲಲ್ಲೇ ಉರುಳಿದ್ದು. ಬಕೆಟ್ಟಿಗೆ ಏನೋ ತಾಗಿ ಟಣ್ ಅಂದಿತು.

"ಯಾರದು?" ಅಂದಳು ಚೈತ್ರ.

ಮಂಚಮ್ಮ ನಡುಮನೆಯ ಕಡೆ ನೋಡಿದಳು. ಅಡ್ವಾನ್ಸಿನ ಹಣ ನಡುಮನೆಯಲ್ಲೇ ಆ ಮುದುಕನ ಚೀಲದಲ್ಲಿದೆ. ಅದು ಈ ಕಡೆಗೆ ಬಂದರೆ ಆಪರೇಷನ್ನು. ಇನ್ನು ಸ್ವಲ್ಪ ಹೊತ್ತು, ಅಷ್ಟೇ.

"ಬೆಕ್ಕಿರಬೇಕು ಕಣವ್ವ. ನುಗ್ಗಿ ಸೇರ್ಕತದೆ," ಅಂದಳು.

"ಬೆಕ್ಕಾ? ಮನುಷ್ಯರ ಥರ ಕೇಳಿಸ್ತಲ್ಲ."

ಚೈತ್ರ ಬಾಗಿಲಿಗೆ ಕಿವಿ ಕೊಟ್ಟಳು. ಒಳಗೆ ಉಸಿರೂ ಇಲ್ಲ. ಮಂಚಮ್ಮ ಬಾಗಿಲನ್ನೇ ನೋಡುತ್ತಾ ನಿಂತಳು. ಅದರಾಚೆ, ಮೊಳದಷ್ಟು ದೂರದಲ್ಲಿ, ಗಂಡ ಅವಳ ಮಾತನ್ನು ಕೇಳಿಸಿಕೊಂಡಿದ್ದ.

ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ, "ಮಿಯಾಂವ್," ಅಂತ ಕೇಳಿಸಿತು.

ಸಣ್ಣಗೆ ಬಂತು. ಇನ್ನೊಂದು ಸಲ ಬಂತು, ಈ ಸಲ ಸ್ವಲ್ಪ ಎಳೆದು, ಹೆಚ್ಚು ಬೆಕ್ಕಿನ ಹಾಗೆ.

ಚೈತ್ರ ನಕ್ಕಳು. "ಹೌದು ಕಣೆ, ಬೆಕ್ಕೇ. ಪಾಪ, ಹೇಗಾದ್ರೂ ಮಾಡಿ ಬೀಗ ತೆಗೆಸಿ ಬಿಡು ಅದನ್ನ. ಗಾಳಿ ಇಲ್ದೆ ಸತ್ತೋಗುತ್ತೆ."

ಲಾರಿ ಡ್ರೈವರುಗಳು ಅರ್ಧ ರಸ್ತೆಯಾಚೆಯಿಂದ ಕೂಗಿದರೆ ಅಷ್ಟೇ ಜೋರಾಗಿ ಓಗೊಡುತ್ತಿದ್ದ ಗಂಟಲು ಅದು. ಏಪ್ರಿಲ್ ಹದಿನಾಲ್ಕರಂದು ಕೇರಿಯ ಸಭೆಯಲ್ಲಿ ಮೈಕು ಕೆಟ್ಟುಹೋದಾಗ ಬರಿಯ ಬಾಯಲ್ಲೇ ಮಾತಾಡಿ ಹಿಂದಿನ ಸಾಲಿನವರಿಗೂ ಕೇಳಿಸಿದ ಗಂಟಲು. ಊರಿನಲ್ಲಿ ಅವನಪ್ಪ ಗೌಡರ ಮುಂದೆ ಬಗ್ಗಿ ಬಗ್ಗಿ ಮಾತಾಡುವುದನ್ನು ನೋಡಿ, ನಾನು ಯಾವನ ಮುಂದೆಯೂ ದನಿ ತಗ್ಗಿಸುವುದಿಲ್ಲ ಅಂತ ಹೇಳಿ ಊರು ಬಿಟ್ಟು ಬಂದವನು. ಅವನು ಅವಳಿಗೋಸ್ಕರ, ಅವಳ ಸುಳ್ಳಿಗೋಸ್ಕರ, ರಾಗಿ ಮೂಟೆಗೆ ಒರಗಿ ಬೆಕ್ಕಾಗಿದ್ದ.

ಹೆರಿಗೆ ವಾರ್ಡಿನಲ್ಲಿ ಎಷ್ಟೋ ಸಾವು ನೋಡಿದವಳು ಮಂಚಮ್ಮ. ಈ ಥರದ್ದನ್ನು ನೋಡಿರಲಿಲ್ಲ. ಕಿಡ್ನಿ ಕೊಟ್ಟು ಉಳಿಸಿಕೊಳ್ಳಲು ಹೊರಟ ಗಂಡಸು ಅವಳ ಕಣ್ಣೆದುರಿಗೇ ಹೋಗಿಬಿಡುತ್ತಿದ್ದ. ಉಳಿದದ್ದಕ್ಕೆ ಆಪರೇಷನ್ ಮಾಡಿಸಿ ಏನು ಮಾಡುವುದು?

ಅವಳು ನೆರಿಗೆಯಿಂದ ಬೀಗದ ಕೈ ತೆಗೆದಳು.

"ಕಳೆದೋಗಿದೆ ಅಂದ್ಯಲ್ಲ," ಅಂದಳು ಚೈತ್ರ.

ಮಂಚಮ್ಮ ಬೀಗಕ್ಕೆ ಕೈ ಹಾಕಿ ತಿರುಗಿಸಿದಳು. ಬಾಗಿಲು ತೆಗೆದಳು. ಮರಿಯಯ್ಯ ಬೆಳಕಿಗೆ ಕಣ್ಣು ಕಿರಿದು ಮಾಡಿ ನೋಡಿದ. ಮೈ ಬೆವತು ಅಂಗಿ ಅಂಟಿಕೊಂಡಿತ್ತು, ಟವೆಲ್ಲು ಇನ್ನೂ ಬಾಯ ಹತ್ತಿರವೇ ಇತ್ತು. ಚೈತ್ರ ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದಳು.

"ಯಾಕೆ ತೆಗ್ದೆ?" ಅಂದ ಅವನು. "ಇನ್ನೂ ಒಸಿ ಒತ್ತು ಇರ್ತಿದ್ನಲ್ಲ."

"ಏಳು."

"ಅಡ್ವಾನ್ಸು ಕಣೆ ಮಂಚಿ."

"ಏಳು ಅಂದೆ."

ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ಹಿತ್ತಲ ದಾರಿ ಹಿಡಿಯಲಿಲ್ಲ. ಕೆಂಪು ನೆಲದ ಮೇಲೆ ಅವನ ಊದಿದ ಪಾದಗಳನ್ನು ಒಂದೊಂದಾಗಿ ಇಡಿಸುತ್ತಾ ನಡುಮನೆಗೆ ನಡೆಸಿಕೊಂಡು ಬಂದಳು. ರುದ್ರಮ್ಮನ ಟವೆಲ್ಲನ್ನು ಕುರ್ಚಿಯಿಂದ ಎಳೆದು ಕೆಳಗೆ ಹಾಕಿದಳು. ಗಂಡನನ್ನು ಆ ಕುರ್ಚಿಯಲ್ಲಿ ಕೂರಿಸಿದಳು.

ಸದ್ದಿಗೆ ಶಂಭುಲಿಂಗಪ್ಪ ಕಣ್ಣು ತೆರೆದ. ಅಂಗೈಯಲ್ಲಿ ಲಿಂಗ, ಎದುರಿಗೆ ಬೆವತು ಏದುಸಿರು ಬಿಡುತ್ತಿರುವ ಒಬ್ಬ ಗಂಡಸು, ಪಕ್ಕದಲ್ಲಿ ಪಾತ್ರೆ ತೊಳೆಯುವ ಹೆಂಗಸು.

"ಏಯ್, ನಿನ್ನ ಯಾರು ಒಳಕ್ಕೆ ಬಿಟ್ಟೋರು? ಯಾರಿವನು?"

"ಈ ಮನೆ ಯಜಮಾನ್ರು. ಮರಿಯಯ್ಯ ಅನ್ನೋರು ಇವ್ರೇ. ನಾನು ಇವ್ರ ಎಂಡ್ತಿ ಮಂಚಮ್ಮ. ಈ ಮನೆ ನಮ್ದು. ನಾವು ಒಲೇರು."

ಆ ಕೊನೆಯ ಮಾತನ್ನು ಅವಳು ಆ ಮನೆಯೊಳಗೆ ಅಷ್ಟು ಜೋರಾಗಿ ಹೇಳಿದ್ದು ಅದೇ ಮೊದಲು. ಮರಿಯಯ್ಯ ತಲೆಯೆತ್ತಿ ಹೆಂಡತಿಯನ್ನು ನೋಡಿದ.

ಶಂಭುಲಿಂಗಪ್ಪ ಏಳಲು ಹೋದ, ಏಳಲಾಗಲಿಲ್ಲ. ಕರಡಿಗೆ ಬಿಚ್ಚಿ ಅಂಗೈಗೆ ಬಂದ ಲಿಂಗಕ್ಕೆ ನೀರು ಬೀಳದೆ ಎದ್ದರೆ ಅದು ಅಪಚಾರ. ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದುಕೊಂಡೇ ಬಾಗಿಲ ಕಡೆ ನೋಡಿದ. ಗೇಟಿನ ಹತ್ತಿರ ರುದ್ರಮ್ಮ ಕಾಣಿಸಿದಳು. ಬೆಳಗಿದ ತಾಮ್ರದ ಚೆಂಬು, ಅದರ ಬಾಯಿಗೆ ತಟ್ಟೆ ಮುಚ್ಚಿಕೊಂಡು, ತುಳುಕದ ಹಾಗೆ ಮೆಲ್ಲಗೆ ಬರುತ್ತಿದ್ದಳು.

ಮಂಚಮ್ಮ ಹೋಗಿ ಹೊಸ್ತಿಲಿಗೆ ಅಡ್ಡ ನಿಂತಳು. ಬಾಗಿಲ ಎರಡೂ ಕಡೆಗೆ ಕೈ ಚಾಚಿದಳು.

"ಆ ನೀರು ಒಳಕ್ಕೆ ಬರಂಗಿಲ್ಲ," ಅಂದಳು.

"ಏನೇ ಇದು? ಸರಿ ಆಚೆಗೆ, ತಗುಲಿಸ್ಬೇಡ," ಅಂದಳು ರುದ್ರಮ್ಮ. ಆಮೇಲೆ ಕುರ್ಚಿಯಲ್ಲಿದ್ದ ಮರಿಯಯ್ಯನನ್ನು ಕಂಡಳು. ಮೆಟ್ಟಿಲ ಮೇಲೆಯೇ ನಿಂತಳು.

"ನೀವು ಹನ್ನೆರಡು ವರ್ಸ ನಿಮ್ಮ ಹೊಸ್ತಿಲ ತಾವ ನನ್ನ ನಿಲ್ಸಿದ್ರಿ ರುದ್ರಮ್ಮಾರೆ, ನಾನು ನಿಂತೆ. ಇದು ನನ್ನ ಹೊಸ್ತ್ಲು. ಹೊರಗಿನ ನೀರು ಈ ಮನೆಗೆ ಆಗಲ್ಲ."

"ನಿನ್ನ ಗಂಡನ ಪ್ರಾಣ ಕಣೆ, ಯೋಚ್ನೆ ಮಾಡು."

"ಯೋಚ್ನೆ ಮಾಡೇ ನಿಂತಿವ್ನಿ."

ಅವಳು ಒಳಗೆ ತಿರುಗಿ, ಅಡುಗೆಮನೆಯ ಹಂಡೆಯಿಂದ ಒಂದು ಚೆಂಬು ನೀರು ಮೊಗೆದು ತಂದಳು. ಮಣೆಯ ಮುಂದೆ ಇಟ್ಟಳು. ಎಸೆಯಲಿಲ್ಲ, ಕುಕ್ಕಲಿಲ್ಲ. ಮನೆಗೆ ಬಂದವರಿಗೆ ಇಡುವ ಹಾಗೆ ಎರಡು ಕೈಯಲ್ಲಿ ಇಟ್ಟಳು.

"ಈ ಮನೆ ನೀರೇ ಬೇಕು ಅಂದ್ರಲ್ಲ ಸಾವ್ಕಾರ್ರೆ, ತಗಳಿ. ಈ ಗೋಡೆಗೆ ಬಿದ್ದದ್ದೂ ಇದೇ ನೀರು. ನೀವು ಮಡಿ ಅಂತ ಒಗಳಿದ ನೆಲಕ್ಕೆ ಬಿದ್ದದ್ದೂ ಇದೇ."

ಶಂಭುಲಿಂಗಪ್ಪ ಚೆಂಬನ್ನು ನೋಡಿದ. ಅಂಗೈಯನ್ನು ನೋಡಿಕೊಂಡ. ಹೊಸ್ತಿಲಾಚೆ ನಿಂತ ರುದ್ರಮ್ಮನ ಚೆಂಬನ್ನು ನೋಡಿದ. ಎರಡು ಚೆಂಬಿನ ನಡುವೆ ಅವನು ಸಿಕ್ಕಿಬಿದ್ದಿದ್ದ. ಇಷ್ಟು ದಿನ ಸಿಕ್ಕಿಬಿದ್ದವಳು ತಾನೊಬ್ಬಳೇ ಅಂದುಕೊಂಡಿದ್ದ ಮಂಚಮ್ಮನಿಗೆ ಅವನನ್ನು ಹಾಗೆ ನೋಡಿ ಖುಷಿಯಾಯಿತು. ಸುಳ್ಳು ಯಾಕೆ ಹೇಳಬೇಕು, ಖುಷಿಯೇ ಆಯಿತು.

"ಮಾವ, ನೀರು ತಾನೇ," ಅಂದಳು ಚೈತ್ರ ಮೆತ್ತಗೆ. ಅವಳ ಕಣ್ಣು ಕುರ್ಚಿಯ ಕಡೆಗೇ ಇತ್ತು.

"ಬಾಯಿ ಮುಚ್ಚು," ಅಂದ ಅವನು.

ಕೊನೆಗೆ ಎದ್ದ. ಎಡಗೈಯಲ್ಲಿ ಲಿಂಗ ಹಾಗೇ ಇತ್ತು, ಅದಕ್ಕೆ ಒಂದು ಹನಿ ನೀರೂ ಬಿದ್ದಿರಲಿಲ್ಲ. ಬಲಗೈಯಲ್ಲಿ ಚೀಲ ಎತ್ತಿಕೊಂಡ. ಮಂಚಮ್ಮ ಮಣೆಯ ಮುಂದಿನಿಂದ ಸರಿದು ದಾರಿ ಬಿಟ್ಟಳು.

"ಮೋಸಗಾರರು," ಅಂದ. "ನನ್ನ ಲಿಂಗಾನ ಉಪಾಸ ಕೆಡವಿದ್ರಿ. ಎಲ್ಲಿ ತೊಳ್ಕೋತೀರಿ ಈ ಪಾಪಾನ?"

"ಮೋಸ ಮಾಡಿದ್ದು ಔದು," ಅಂದಳು ಮಂಚಮ್ಮ. "ಅದಕ್ಕೆ ತಲೆ ಬಗ್ಸ್ತೀನಿ. ನಿಮ್ಮ ಲಿಂಗ ಒಂದೊತ್ತು ಉಪಾಸ ಇರ್ತದೆ. ನೀವು ಕಪಿಲೆಗೋಗಿ ಮತ್ತೆ ಮುಳ್ಗಿ ಪೂಜೆ ಮಾಡ್ಕತೀರಿ. ನನ್ನ ಗಂಡ ನಿಮಗೆ ಎದ್ರಿ ಬೆಕ್ಕಾಗಿ ಕೂಗ್ದ. ಅದನ್ನ ನಾನು ಯಾವ ಒಳೇಲಿ ತೊಳೀಲಿ?"

ಅವನು ಲಿಂಗ ಹಿಡಿದ ಕೈಯನ್ನು ಮುಂದೆ ಚಾಚಿಕೊಂಡು ಬರಿಗಾಲಲ್ಲೇ ಮೆಟ್ಟಿಲಿಳಿದು ಹೋದ. ಚೈತ್ರ ಮಾವನ ಚಪ್ಪಲಿ ಎತ್ತಿಕೊಂಡು ಹಿಂದೆ ಹೋದಳು. ಗೇಟಿನ ಹತ್ತಿರ ಒಮ್ಮೆ ನಿಂತು, ತಿರುಗಿ ಕುರ್ಚಿಯ ಕಡೆ ನೋಡಿದಳು.

ಪತ್ರೆ ಹೂವು ಹಿಡಿದು ಬಂದ ನಂಜೇಶ ಎಲ್ಲ ಕೇಳಿ ತಲೆಯ ಮೇಲೆ ಕೈಹೊತ್ತ. "ಹಾಳು ಮಾಡ್ಕೊಂಡ್ರಿ. ಇನ್ನು ನಂಜನಗೂಡಲ್ಲಿ ಯಾವನೂ ಈ ಮನೆ ಕಡೆ ತಲೆ ಹಾಕಲ್ಲ. ನಾನೂ ಬರಲ್ಲ," ಅಂದ. ಬಸವಣ್ಣನ ಪಟ, ಮಣೆ, ಫ್ಲಾಸ್ಕು ಎಲ್ಲ ಎತ್ತಿಕೊಂಡ. ರುದ್ರಮ್ಮ ತನ್ನ ಚೆಂಬಿನ ನೀರನ್ನು ರಸ್ತೆಗೆ ಚೆಲ್ಲಿ ಹೋಗಿ ಬಾಗಿಲು ಹಾಕಿಕೊಂಡಳು.

ಮಂಚಮ್ಮ ನೆಲದ ಮೇಲೆ ಕೂತಳು. ಕೋಪ ಇಳಿದುಹೋಗಿ ಅದರ ಜಾಗಕ್ಕೆ ಭಯ ಬಂತು. ಏನು ಮಾಡಿಬಿಟ್ಟೆ ಅನ್ನಿಸಿತು. ಗಂಡನ ಕಾಲು ಅವಳ ಕಣ್ಣ ಮುಂದೆಯೇ ಇತ್ತು, ಬೆರಳಿಟ್ಟು ಒತ್ತಿದರೆ ಗುಳಿ ಬೀಳುವಷ್ಟು ಊದಿಕೊಂಡು.

"ಬೈಯಿ ನನ್ನ," ಅಂದಳು.

ಮರಿಯಯ್ಯ ನೆಲದ ಮೇಲಿದ್ದ ಚೆಂಬಿನ ಕಡೆ ಕೈ ಚಾಚಿ, "ಆ ಮುದ್ಕಂಗೆ ಇಟ್ಟ ನೀರು ಕೊಡು ಇಲ್ಲಿ," ಅಂದ. ಅವಳು ಕೊಟ್ಟಳು. ಡಾಕ್ಟರು ಹೇಳಿದ ಅಳತೆಯಷ್ಟೇ, ಎರಡು ಗುಟುಕು ಕುಡಿದ. ಬಾಯಿ ಒರೆಸಿಕೊಂಡ. "ಮಾರ್ಬೇಕಲ್ಲ ಮಂಚಿ," ಅಂದ. "ಮಾರ್ದೆ ವಿಧಿಯಿಲ್ಲ."

"ಮಾರನ," ಅಂದಳು ಅವಳು. "ಕದ್ದು ಮಾರದು ಬ್ಯಾಡ."

ಎದ್ದು ಒಲೆಯಿಂದ ಒಂದು ಇದ್ದಿಲು ತೆಗೆದುಕೊಂಡು ಹೊರಗೆ ಹೋದಳು. ಬೆರಳು ಸುಲಿಸಿಕೊಂಡು ತಾನೇ ಸುಣ್ಣ ಬಳಿದ ಮುಂದಿನ ಗೋಡೆಯ ಮೇಲೆ ಬರೆಯತೊಡಗಿದಳು. ಏಳನೇ ಕ್ಲಾಸಿನ ತನಕ ಓದಿದ್ದವಳು. ಅಕ್ಷರಗಳು ಸೊಟ್ಟಗಾದವು, ಆದರೆ ದೊಡ್ಡದಾಗಿದ್ದವು, ರಸ್ತೆಯಾಚೆಯವರೂ ಓದಬಹುದಾಗಿತ್ತು.

ಈ ಮನೆ ಮಾರಾಟಕ್ಕಿದೆ. ಇದು ಹೊಲೆಯರ ಮನೆ. ನೋಡಲು ಬರುವವರು ಮೊದಲು ಇಲ್ಲಿಯ ನೀರು ಕುಡಿದು ಒಳಗೆ ಬರಬೇಕು.

ಜಗಲಿಯ ಮೇಲೆ ಒಂದು ಚೆಂಬು ನೀರು ಇಟ್ಟು ಮೇಲೊಂದು ಲೋಟ ಮುಚ್ಚಿದಳು. ಆ ದಿನ ಬೀದಿಯಲ್ಲಿ ಹೋಗುವವರು ನಿಂತು ಓದಿದರು. ಕೆಲವರು ಬೈದರು, ಒಬ್ಬಿಬ್ಬರು ನಕ್ಕರು, ಸ್ಕೂಲು ಬಿಟ್ಟ ಮಕ್ಕಳು ಗಟ್ಟಿಯಾಗಿ ಕೂಡಿಸಿ ಓದಿದವು. ಸಂಜೆಯವರೆಗೆ ಆ ನೀರನ್ನು ಯಾರೂ ಮುಟ್ಟಲಿಲ್ಲ.

ಮರುದಿನ ಮಷೀನಿನ ದಿನ. ಬೆಳಿಗ್ಗೆ ಮಂಚಮ್ಮ ಹಳೆಯ ನೀರನ್ನು ನುಗ್ಗೆಮರದ ಬುಡಕ್ಕೆ ಚೆಲ್ಲಿ, ಚೆಂಬನ್ನು ಬೆಳಗಿ, ಹೊಸ ನೀರು ತುಂಬಿ ಜಗಲಿಯ ಮೇಲೆ ಇಟ್ಟಳು. ಆಮೇಲೆ ಗಂಡನ ಕಂಕುಳಿಗೆ ಕೈಕೊಟ್ಟು, ಮುಂಬಾಗಿಲಿಂದಲೇ ಇಳಿದು, ಮೈಸೂರಿನ ಬಸ್ಸಿಗೆ ನಡೆದಳು.